ಒದ್ದೆ ಬೆರಳಿಗೆ ಒಂದು ಗುಂಡಿ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಎದುರು
ಚೌಡರೆಡ್ಡಿಯ ಅಂಗಡಿಯಲ್ಲಿ
ಗಾಜಿನ ಪೆಟ್ಟಿಗೆ ತುಂಬ ಹಾಡುವ ಡಬ್ಬಿಗಳು.
ಬೆಂಕಿಪೊಟ್ಟಣದಷ್ಟು ಒಂದು, ಸೋಪಿನಷ್ಟು ಇನ್ನೊಂದು.
‘ಎಂಥದ್ದು ಬೇಕಮ್ಮ?’
ಎಂಥದ್ದು ಅಂತ ನನಗೂ ಗೊತ್ತಿರಲಿಲ್ಲ.
ಬೇಡದ್ದು ಯಾವುದು ಅಂತ ಗೊತ್ತಿತ್ತು.

ಮೊದಲನೆಯದನ್ನು ಅವನೇ ಹಚ್ಚಿದ.
ಧಡಂ ಧಡಂ. ಎದೆಗೂಡು ಅದುರಿತು,
ಗಾಜಿನ ಮೇಲಿದ್ದ ಚಿಲ್ಲರೆ ಕುಣಿಯಿತು.
‘ನೋಡಿ, ಬೇಸ್ ಅಂದ್ರೆ ಇದು!’
ಅಣ್ಣಾ, ದಿನಕ್ಕೆ ಹತ್ತು ಗಂಟೆ
ರಾಟೆಗಳ ಗದ್ದಲದಲ್ಲಿ ಕೂತು ಏಳುವವಳು ನಾನು,
ದುಡ್ಡು ಕೊಟ್ಟು ಇನ್ನೊಂದು ಮೋಟಾರು ಕೊಳ್ಳಲಾ?

ಎರಡನೆಯದು ನುಣ್ಣಗೆ, ಕನ್ನಡಿಯ ಹಾಗೆ.
ಒತ್ತುವುದೇನೂ ಇಲ್ಲ, ಸವರಬೇಕಂತೆ.
ಸವರಿದೆ. ಸುಮ್ಮನಿತ್ತು.
ಅವನು ಸವರಿದ, ಹಾಡಿತು.
ನಾನು ಮುಟ್ಟಿದರೆ ಮೂಕ.
ಹದಿನಾಲ್ಕು ವರ್ಷ ಕುದಿನೀರಿನಲ್ಲಿ
ಗೂಡಿನ ಎಳೆ ಹುಡುಕಿದ ಬೆರಳುಗಳು ಇವು,
ತುದಿಯ ಗೆರೆಗಳೆಲ್ಲ ನೀರುಪಾಲು.
ರೇಷನ್ ಅಂಗಡಿಯ ಯಂತ್ರವೂ ಪ್ರತಿ ತಿಂಗಳು
ನಾನು ನಾನಲ್ಲ ಅನ್ನುತ್ತೆ.

‘ಒಂದು ಲೋಟ ನೀರು ಕೊಡಿ.’
ಕುಡಿಯೋದಕ್ಕೆ ಅಂದುಕೊಂಡ, ಪಾಪ.
ಅದ್ದಿದೆ, ಐದೂ ಬೆರಳು.
‘ಈಗ ಕೊಡಿ ಒಂದೊಂದಾಗಿ,
ಒದ್ದೆ ಕೈಗೆ ಯಾವುದು ಒಗ್ಗುತ್ತೋ ನೋಡೋಣ.’
‘ವಾರಂಟಿ ಹೋಗುತ್ತಮ್ಮೋ!’

ಕೊನೆಗೆ ಅಟ್ಟದ ಮೇಲಿಂದ
ದೂಳು ಒರೆಸುತ್ತ ಇಳಿಸಿದ ಒಂದು ಕರಿ ಡಬ್ಬಿ.
ಐದು ಗುಂಡಿ. ನಡುವಿನದಕ್ಕೆ ಮೊಡವೆಯಷ್ಟು ಉಬ್ಬು,
ಕಣ್ಣು ಮುಚ್ಚಿದರೂ ಸಿಗುತ್ತೆ.
ಒತ್ತಿದರೆ ಟಿಕ್ ಅನ್ನುತ್ತೆ,
ಹ್ಞೂಂ, ಕೇಳಿಸಿತು ಅನ್ನುವವರ ಹಾಗೆ.
‘ಹಳೇ ಮಾಲು, ಯಾರೂ ಕೇಳಲ್ಲ’ ಅಂದ.

ಸೊಂಟದ ಚೀಲ ಬಿಚ್ಚಿ
ಕರ್ಪೂರದ ಕಾಗದದಲ್ಲಿ ಸುತ್ತಿಟ್ಟಿದ್ದ ಚಿಪ್ ಕೊಟ್ಟೆ.
ಉಗುರಿನಷ್ಟಗಲ. ಅದರೊಳಗೆ ನಮ್ಮ ಚಿಕ್ಕಪ್ಪ,
ಓಲಗದ ಪಿಳ್ಳಪ್ಪ, ಹಲ್ಲೆಲ್ಲ ಇದ್ದ ಕಾಲದವನು.
ಹಿತ್ತಲ ನುಗ್ಗೆಮರದ ಕೆಳಗೆ ಬೆಳಗಿನ ಸಾಧಕ,
ಫೋನಿನಲ್ಲಿ ನಾನೇ ಹಿಡಿದದ್ದು.
ರಾಗದ ಹೆಸರು ಕೇಳಬೇಡಿ, ಗೊತ್ತಿಲ್ಲ.
ಈಗ ಬೊಚ್ಚು ಬಾಯಲ್ಲಿ ಸೀವಾಳಿ ನಿಲ್ಲದು;
ಓಲಗ ಗೋಡೆಯ ಮೊಳೆಯಲ್ಲಿ,
ಅದರ ಬಾಯಲ್ಲಿ ನನ್ನ ಮಗಳು
ಪೆನ್ಸಿಲ್ ಇಟ್ಟುಕೊಳ್ಳುತ್ತಾಳೆ.

ಬೇರೆ ಡಬ್ಬಿಗಳಲ್ಲೂ ಹಾಕಿಸಿ ಕೇಳಿದೆ.
ಅವುಗಳಲ್ಲಿ ಓಲಗ ಇತ್ತು, ಚಿಕ್ಕಪ್ಪ ಇರಲಿಲ್ಲ.
ಈ ಕರಿಯದರಲ್ಲಿ, ಸ್ವರಕ್ಕೆ ಮೊದಲು,
ಅವನು ಉಸಿರೆಳೆದುಕೊಂಡದ್ದು ಕೇಳಿತು.
ಉದ್ದಕ್ಕೆ, ಮೂಗಿನಿಂದ,
ಬಾವಿಗೆ ಹಗ್ಗ ಬಿಟ್ಟ ಹಾಗೆ.
ಆಮೇಲೆ ಓಲಗ. ನಡುವೆ ಯಾರೋ ಬಿಂದಿಗೆ ಇಟ್ಟ ಸದ್ದು.
ಒಂದು ಕಾಗೆ.
ಮತ್ತೆ, ತಡೆದು ತಡೆದು ನುಂಗಿದ ಒಂದು ಕೆಮ್ಮು,
ನನ್ನದೇ.
ಆಗಲೇ ಶುರುವಾಗಿತ್ತಾ ಇದು?

ನಿಲ್ಲಿಸುವ ಗುಂಡಿ ಯಾವುದು ಅಂತ
ಚೌಡರೆಡ್ಡಿಯನ್ನು ಕೇಳಲಿಲ್ಲ.
ಬೆರಳಿಗೆ ಅದಾಗಲೇ ಗೊತ್ತಿತ್ತು.

ಒಂಬೈನೂರು ಅಂದ. ಆರುನೂರು ಅಂದೆ.
ಏಳುನೂರಕ್ಕೆ ಇಬ್ಬರೂ
ನಷ್ಟವಾದವರ ಮುಖ ಮಾಡಿದೆವು.
ಕಿವಿಗೆ ಹಾಕುವ ವೈರು ಪುಕ್ಕಟೆ ಕೊಟ್ಟ,
ಲೋಟದ ನೀರು ಬಾಗಿಲಾಚೆ ಚೆಲ್ಲಿದ.

ಸೋಮವಾರ, ಬೇಸಿನ್ನಿನ ಮುಂದೆ,
ಆವಿ, ಸತ್ತ ಹುಳುವಿನ ನಾತ.
ಒಂದು ಬಿರಡೆ ನನ್ನ ಬಲಗಿವಿಗೆ,
ಇನ್ನೊಂದು ಪ್ಯಾರಿಮಾಳ ಎಡಗಿವಿಗೆ.
ವೈರು ಗಿಡ್ಡ, ಅದಕ್ಕೇ ಸ್ವಲ್ಪ ಒತ್ತಿ ಕೂತೆವು.
ಈ ಗದ್ದಲದಲ್ಲಿ ಉಸಿರು ಕೇಳುವುದಿಲ್ಲ, ಗೊತ್ತು.
ಆದರೂ ಸೆರಗಿನೊಳಗೆ ಆ ಉಬ್ಬು ಹುಡುಕಿ
ಒದ್ದೆ ಹೆಬ್ಬೆರಳಿನಲ್ಲಿ ಒತ್ತಿದೆ.

‘ಏನೂ ಬರ್ತಿಲ್ವಲ್ಲೇ, ಕೆಟ್ಟೋಯ್ತಾ?’
‘ತಾಳಕ್ಕಾ,
ಈಗ ಉಸಿರು ತಗೋತಾವ್ನೆ.’